ಹೊಸ ಡಿಸ್ಕೂ ಎಂಟೇ ದಿನಕ್ಕೆ ಹೊರಗೆ ಬಿತ್ತು, ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಗಂಗಾವತಿಯಲ್ಲಿ ಮದುವೆ ಫೋಟೊ, ವಿಡಿಯೊ ಮಾಡುವವನು. ಎರಡು ವರ್ಷದ ಹಿಂದೆ ಒಂದು ಹಳೆ ಕಂಪ್ಯೂಟರಿಗೆ 4 ಟಿಬಿಯ ನಾಲ್ಕು ಡಿಸ್ಕ್ ಹಾಕಿ, ಆನ್‌ಲೈನಲ್ಲಿ ಸೆಕೆಂಡ್ ಹ್ಯಾಂಡ್ ಎಲ್‌ಎಸ್‌ಐ 9211-8ಐ ಕಾರ್ಡ್ (ಡಿಸ್ಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡು) ತರಿಸಿ, ಫೈಲ್ ಸರ್ವರ್ ಮಾಡುವ ಟ್ರೂನ್ಯಾಸ್ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ. ಡಿಸ್ಕುಗಳ ಜೋಡಣೆ ರೇಡ್-ಝಡ್ 1. ಮಾರ್ಚ್ ಕೊನೆಗೆ ಮೂರನೇ ಡಿಸ್ಕ್ ಹೊರಗೆ ಬಿತ್ತು. ಹೊಸದು ಹಾಕಿದೆ, ರಾತ್ರಿಯೆಲ್ಲ ಓಡಿ ಸರಿಯಾಯ್ತು. ಎಂಟೇ ದಿನಕ್ಕೆ ಅದೂ ಹೊರಗೆ. ಈಗ ಎರಡನೇ ಡಿಸ್ಕಿನಲ್ಲೂ ಎರರ್ ತೋರಿಸ್ತಿದೆ. ಅಂಗಡಿಯವರು ತೆಗೆದ ಡಿಸ್ಕನ್ನು ಚೆಕ್ ಮಾಡಿ ಚೆನ್ನಾಗೇ ಇದೆ ಅಂತಾರೆ. ನಾಲ್ಕೂ ಡಿಸ್ಕ್ ಹೊಸದು ಹಾಕಿಬಿಡಲಾ? ಕಾರ್ಡನ್ನು ರೇಡ್ ಮೋಡಿಗೆ (ಡಿಸ್ಕುಗಳನ್ನು ಕಾರ್ಡೇ ಒಟ್ಟುಗೂಡಿಸಿ ನೋಡಿಕೊಳ್ಳುವ ರೀತಿಗೆ) ಬದಲಿಸಿದರೆ ಸರಿಹೋಗ್ತದಾ? ಮನೆ ರೈಸ್ ಮಿಲ್ಲಿನ ಹಿಂದೆ ಇದೆ, ಧೂಳು ಜಾಸ್ತಿ. ಇನ್ವರ್ಟರ್ ಇದೆ.

ಉತ್ತರ: ಡಿಸ್ಕ್ ತಗೋಬೇಡಿ. ರೇಡ್ ಮೋಡೂ ಬೇಡ. ಎರಡೂ ಪ್ರಶ್ನೆಗೆ ಉತ್ತರ ಇಷ್ಟೇ. ಯಾಕೆ ಅನ್ನೋದು ಸ್ವಲ್ಪ ಉದ್ದ ಇದೆ.

ಮನೆಯಲ್ಲಿ ಒಂದೇ ರೂಮಿನ ಬಲ್ಬು ಪದೇ ಪದೇ ಹೋಗ್ತಾ ಇದ್ದರೆ ನಾವು ಮೂರನೇ ಬಲ್ಬ್ ತರೋ ಮುಂಚೆ ಹೋಲ್ಡರ್ ಬಿಚ್ಚಿ ನೋಡ್ತೇವೆ, ಅಲ್ವಾ? ನಿಮ್ಮ ಕಥೆಯೂ ಹಾಗೇ ಇದೆ. ಒಂದೇ ಜಾಗದಲ್ಲಿ ಹಳೆ ಡಿಸ್ಕೂ ಬಿತ್ತು, ಹೊಸ ಡಿಸ್ಕೂ ಬಿತ್ತು. ತೆಗೆದ ಡಿಸ್ಕ್ ಅಂಗಡಿಯಲ್ಲಿ ಪಾಸಾಯ್ತು. ಅಂಗಡಿಯವರು ಸುಳ್ಳು ಹೇಳ್ತಿಲ್ಲ ಅಂತಲೇ ನನಗೆ ಅನ್ನಿಸ್ತದೆ. ಡಿಸ್ಕಿಗೂ ಪ್ರೊಸೆಸರಿಗೂ ನಡುವೆ ಡೇಟಾ ಕೇಬಲ್, ಕರೆಂಟಿನ ವೈರು, ಕಾರ್ಡು, ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬಿ ಎಸ್‌ಎಂಪಿಎಸ್ ಇವೆ. ಇವುಗಳಲ್ಲಿ ಯಾವುದು ಕೆಟ್ಟರೂ ಸ್ಕ್ರೀನಿನ ಮೇಲೆ ಬರೋದು ಡಿಸ್ಕಿನ ಹೆಸರೇ.

ಈಗ ನಿಮ್ಮ ಸ್ಥಿತಿ ಸ್ವಲ್ಪ ಅಪಾಯದ್ದು. ರೇಡ್-ಝಡ್ 1 ಅಂದರೆ ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ, ಎರಡು ಹೋದರೆ ಇಲ್ಲ. ಒಂದು ಆಗಲೇ ಹೊರಗಿದೆ, ಇನ್ನೊಂದು ಬಾಗಿಲಲ್ಲಿ ನಿಂತಿದೆ. ಹಾಗಾಗಿ ರಿಪೇರಿಗೆ ಕೈ ಹಾಕುವ ಮುಂಚೆ ಗಿರಾಕಿಗೆ ಇನ್ನೂ ಕೊಡದ ಮದುವೆಗಳನ್ನು ಒಂದು ಯುಎಸ್‌ಬಿ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಹಳೆ ಆಲ್ಬಮ್ಮು, ಪ್ರೀ ವೆಡ್ಡಿಂಗ್ ರೀಲ್ಸು ಆಮೇಲೆ. ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ 110 ಎಂಬಿ ಸಿಕ್ಕರೆ ಒಂದು ಟಿಬಿಗೆ ಸುಮಾರು ಎರಡೂವರೆ ಗಂಟೆ ಹಿಡಿಯುತ್ತದೆ. ಬೆಳಗ್ಗೆ ತಂಪು ಹೊತ್ತಲ್ಲಿ ಶುರು ಮಾಡಿ. ಕಾಪಿ ನಡುವೆ ಎರರ್ ಏರುತ್ತಾ ಹೋದರೆ ಹಟ ಮಾಡಬೇಡಿ, ಶಟ್‌ಡೌನ್ ಮಾಡಿ. ಡಿಸ್ಕುಗಳನ್ನು ಕಾರ್ಡಿನಿಂದ ಬಿಡಿಸಿ ನೇರ ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ ಹಾಕಿ ಮತ್ತೆ ಪ್ರಯತ್ನಿಸಿ. ಟ್ರೂನ್ಯಾಸಿನ ಒಳಗೆ ಡಿಸ್ಕುಗಳನ್ನು ನೋಡಿಕೊಳ್ಳುವ ಝಡ್‌ಎಫ್‌ಎಸ್ ಡಿಸ್ಕನ್ನು ಗುರುತಿಸೋದು ಅದರ ಮೇಲೆ ತಾನೇ ಬರೆದುಕೊಂಡ ಗುರುತಿನಿಂದ, ಪೋರ್ಟ್ ನಂಬರಿನಿಂದ ಅಲ್ಲ. ಆಫ್ ಮಾಡಿ ಜಾಗ ಅದಲು ಬದಲು ಮಾಡಿದರೆ ಅದಕ್ಕೆ ಬೇಜಾರಿಲ್ಲ.

ಡಿಸ್ಕ್ ಬಿಚ್ಚುವಾಗ ಒಂದು ಕೆಲಸ ಮಾಡಿ. ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರವನ್ನು ಮೆಡಿಕಲ್ ಟೇಪ್ ಮೇಲೆ ಬರೆದು ಎದುರಿಗೆ ಕಾಣುವ ಹಾಗೆ ಅಂಟಿಸಿ. ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಒಂದು ಬೂಟಿನಿಂದ ಇನ್ನೊಂದಕ್ಕೆ ಬದಲಾಗಬಹುದು. ಅದನ್ನು ನಂಬಿಕೊಂಡು ಒಳ್ಳೆ ಡಿಸ್ಕನ್ನೇ ಕಿತ್ತು, ಇದ್ದ ಡೇಟಾನೂ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಡೇಟಾ ಒಂದು ಕಡೆ ಸೇರಿತು ಅಂದುಕೊಳ್ಳೋಣ. ಈಗ ಡಿಸ್ಕನ್ನೇ ಕೇಳೋಣ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ಒಳಗೇ ಬರೆದಿಡುತ್ತದೆ, ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಟ್ರೂನ್ಯಾಸಿನ ಶೆಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಓಡಿಸಿದರೆ ಉದ್ದದ ಪಟ್ಟಿ ಬರುತ್ತದೆ. ಎಲ್ಲವನ್ನೂ ಓದಲು ಹೋದರೆ ತಲೆ ಕೆಡುತ್ತದೆ. ಮೊದಲು 5, 197, 198 ನಂಬರಿನ ಸಾಲು ನೋಡಿ. ಬಲಗಡೆ ಕೊನೆಯಲ್ಲಿರುವ ರಾ ವ್ಯಾಲ್ಯೂ ಮಾತ್ರ. 5 ಅಂದರೆ ಕೆಟ್ಟ ಸೆಕ್ಟರನ್ನು ಬಿಟ್ಟು ಬೇರೆ ಸೆಕ್ಟರ್ ಕೊಟ್ಟ ಲೆಕ್ಕ. 197 ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳು. 198 ಅಂದರೆ ಡಿಸ್ಕ್ ತಾನೇ ಪರೀಕ್ಷೆ ಮಾಡಿಕೊಂಡಾಗಲೂ ಓದಲು ಆಗದೇ ಹೋದದ್ದು. ಇವು ಸೊನ್ನೆ ಇದ್ದರೆ ಡಿಸ್ಕಿನ ತಟ್ಟೆಗಳ ಮೇಲೆ ಅಷ್ಟು ಅನುಮಾನ ಬೇಡ. ಇವು ವಾರದಿಂದ ವಾರಕ್ಕೆ ಏರ್ತಾ ಇದ್ದರೆ ಡಿಸ್ಕಿಗೇ ರೋಗ, ವಾರಂಟಿಗೆ ಕಳಿಸಿ.

ಆಮೇಲೆ 199 ನೋಡಿ. ಯುಡಿಎಂಎ ಸಿಆರ್‌ಸಿ ಎರರ್ ಕೌಂಟ್ ಅಂತ ಬರೆದಿರುತ್ತದೆ. ಡಿಸ್ಕಿಗೂ ಕಾರ್ಡಿಗೂ ನಡುವೆ ಹೋದ ಮಾಹಿತಿ ದಾರಿಯಲ್ಲಿ ಕೆಟ್ಟರೆ ಈ ಅಂಕಿ ಒಂದೊಂದೇ ಏರುತ್ತದೆ. ಇದು ಡಿಸ್ಕಿನ ತಪ್ಪಲ್ಲ, ದಾರಿಯ ತಪ್ಪು. ಒಂದು ವಿಷಯ ನೆನಪಿರಲಿ: ಈ ಅಂಕಿ ಇಳಿಯುವುದೇ ಇಲ್ಲ. ಕೇಬಲ್ ಬದಲಿಸಿದ ಮೇಲೂ 340 ಅಂತಲೇ ತೋರಿಸಬಹುದು. ಗಾಬರಿ ಬೇಡ. ಇವತ್ತಿನ ಅಂಕಿ ಬರೆದಿಟ್ಟುಕೊಂಡು ನಾಲ್ಕು ದಿನ ಬಿಟ್ಟು ನೋಡಿ. ನಿಂತಿದ್ದರೆ ಸರಿಹೋಗಿದೆ.

ಹಾಗೇ 12 ಮತ್ತು 192 ಕೂಡ ಬರೆದುಕೊಳ್ಳಿ. 12 ಅಂದರೆ ಡಿಸ್ಕಿಗೆ ಎಷ್ಟು ಸಲ ಕರೆಂಟ್ ಹೋಗಿ ಬಂದಿದೆ ಅಂತ. 192 ಅಂದರೆ ಕರೆಂಟ್ ದಿಢೀರ್ ಹೋಗಿ ಹೆಡ್ ಅವಸರದಲ್ಲಿ ಮನೆಗೆ ಓಡಿದ ಲೆಕ್ಕ. ಸರ್ವರ್ ಒಂದು ವಾರ ಆಫ್ ಆಗಿಲ್ಲ, ಆದರೂ ಮೂರನೇ ಡಿಸ್ಕಿನ 12 ಮಾತ್ರ ಏರಿದೆ ಅಂದರೆ ಏನರ್ಥ? ಆ ಡಿಸ್ಕಿಗೆ ಮಾತ್ರ ಕರೆಂಟ್ ಕಡಿದು ಹೋಗ್ತಿದೆ. ಈ ಎರಡು ಸಾಲನ್ನು ಯಾರೂ ನೋಡಲ್ಲ. ನನಗೆ ಮಾತ್ರ ಇವೇ ಎಷ್ಟೋ ಸಲ ದಾರಿ ತೋರಿಸಿವೆ.

ಸೀಗೇಟ್ ಡಿಸ್ಕ್ ಇದ್ದರೆ 1 ಮತ್ತು 7ರ ಎದುರು ಕೋಟಿಗಟ್ಟಲೆ ಅಂಕಿ ಕಾಣುತ್ತದೆ. ಅದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ಅಲ್ಲಿ ಎರರಿನ ಲೆಕ್ಕವನ್ನೂ ಒಟ್ಟು ಓದಿದ ಲೆಕ್ಕವನ್ನೂ ಒಂದೇ ಅಂಕಿಯಲ್ಲಿ ತುರುಕಿರುತ್ತಾರೆ.

ಇಷ್ಟಾದ ಮೇಲೆ ಹೊರಗೆ ಬಿದ್ದ ಡಿಸ್ಕಿಗೆ ಲಾಂಗ್ ಟೆಸ್ಟ್ ಕೊಡಿ. 4 ಟಿಬಿಗೆ ಏಳೆಂಟು ಗಂಟೆ, ಕೆಲವಕ್ಕೆ ಇನ್ನೂ ಜಾಸ್ತಿ. ಈ ಟೆಸ್ಟಿನ ಮಜಾ ಏನಂದರೆ ಅದು ಪೂರ್ತಿ ಡಿಸ್ಕಿನ ಒಳಗೇ ನಡೆಯುತ್ತದೆ. ಡಿಸ್ಕ್ ತನ್ನ ತಟ್ಟೆಯನ್ನು ತಾನೇ ಮೊದಲಿನಿಂದ ಕೊನೆಯವರೆಗೆ ಓದಿಕೊಳ್ಳುತ್ತದೆ. ಡೇಟಾ ಕೇಬಲ್ ಮೇಲೆ ಒಂದಕ್ಷರ ಹಾಯುವುದಿಲ್ಲ. ಆದ್ದರಿಂದ ಲಾಂಗ್ ಟೆಸ್ಟ್ ಪಾಸು, 199 ಮಾತ್ರ ಏರ್ತಿದೆ ಅಂದರೆ ಕೇಬಲ್ಲೋ ಕಾರ್ಡೋ ಅಂತ ಗೊತ್ತಾಗುತ್ತದೆ. ಟೆಸ್ಟ್ ನಡುವೆಯೇ ಕಡಿದುಹೋಗಿ 12 ಏರಿದ್ದರೆ ಕರೆಂಟು. ಟೆಸ್ಟೇ ಫೇಲ್ ಆದರೆ ಡಿಸ್ಕು.

ಕರೆಂಟಿನ ಮಾತು ಬಂತಲ್ಲ, ನನ್ನದೇ ಪಾಡು ಹೇಳ್ತೇನೆ. ಬಳ್ಳಾರಿಯ ನಮ್ಮ ಮನೆಯ ಸರ್ವರಿನಲ್ಲಿ ಒಮ್ಮೆ ಇದೇ ಆಟ ಶುರುವಾಯ್ತು. ಒಂದು ಡಿಸ್ಕ್ ಬದಲಿಸಿದೆ. ಆಮೇಲೆ ಇನ್ನೊಂದು. ಡೇಟಾ ಕೇಬಲ್ಲೂ ಹೊಸದು ಹಾಕಿದೆ. ಆದರೂ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಒಂದು ಡಿಸ್ಕ್ ಮಾತ್ರ ಟಿಕ್ ಅಂದು ನಿಂತು ಮತ್ತೆ ತಿರುಗುತ್ತಿತ್ತು. ಕೊನೆಗೊಂದು ದಿನ ಸೈಡ್ ಪ್ಯಾನೆಲ್ ತೆಗೆದು ಕೂತಾಗ ಸಣ್ಣಗೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಒಂದು ತಲೆಯಿಂದ ನಾಲ್ಕು ತಲೆ ಮಾಡುವ ಸ್ಪ್ಲಿಟರ್ ಕೇಬಲ್ ಹಾಕಿದ್ದೆ. ಅದನ್ನು ಎಳೆದು ಬೆಳಕಿಗೆ ಹಿಡಿದರೆ, ಹಳದಿ ವೈರು ಸೇರುವ ಜಾಗದಲ್ಲಿ ಕರಿ ಪ್ಲಾಸ್ಟಿಕ್ ಉಬ್ಬಿಕೊಂಡು, ಪಿನ್ನುಗಳು ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಎರಡು ಡಿಸ್ಕಿನ ದುಡ್ಡು ಸುಮ್ನೆ ಹೋಗಿತ್ತು.

ಅದರ ಲೆಕ್ಕ ಸುಲಭ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ 1.5 ಆಂಪ್. ಒಟ್ಟು 4.5 ಆಂಪ್. ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವಾಗ 12 ವೋಲ್ಟಿನಲ್ಲಿ ಎರಡು ಆಂಪಿನ ಆಸುಪಾಸು ಎಳೆಯುತ್ತದೆ. ನಾಲ್ಕು ಡಿಸ್ಕ್ ಒಟ್ಟಿಗೆ ಎದ್ದರೆ ಎಂಟು ಆಂಪ್. ಒಂದೇ ಸಾಟಾ ತಲೆಯಿಂದ ನಾಲ್ಕಕ್ಕೂ ಹಂಚಿದರೆ ಆ ತಲೆ ಸುಡದೆ ಇನ್ನೇನು ಮಾಡೀತು? ತಿರುಗಿದ ಮೇಲೆ ಕಡಿಮೆ ಸಾಕು, ಹಾಗಾಗಿ ತಿಂಗಳುಗಟ್ಟಲೆ ಏನೂ ಗೊತ್ತಾಗಲ್ಲ.

ನಿಮ್ಮಲ್ಲೂ ನಾಲ್ಕು ಡಿಸ್ಕ್, ಹಳೆ ಕಂಪ್ಯೂಟರ್. ಒಳಗೆ ಒಂದು ಸ್ಪ್ಲಿಟರ್ ಇರಲೇಬೇಕು ಅಂತ ನನ್ನ ಊಹೆ. ತೆಗೆದುಹಾಕಿ. ಎಸ್‌ಎಂಪಿಎಸ್‌ನಿಂದ ಬೇರೆ ಬೇರೆಯಾಗಿ ಬರುವ ಎರಡು ವೈರಿಗೆ ಎರಡೆರಡು ಡಿಸ್ಕ್ ಹಂಚಿ. ಕನೆಕ್ಟರಿನ ಹಿಂಭಾಗ ಪೂರ್ತಿ ಪ್ಲಾಸ್ಟಿಕ್ ಎರಕ ಹೊಯ್ದು ಮುಚ್ಚಿರುವ ಅಗ್ಗದ ಕನ್ವರ್ಟರುಗಳು ಬೇಡ. ಒಳಗೆ ವೈರು ಸರಿದು ಒಂದಕ್ಕೊಂದು ತಾಗಿ ಬೆಂಕಿ ಹತ್ತಿದ ಉದಾಹರಣೆ ಬೇಕಾದಷ್ಟಿವೆ. ಮಲ್ಟಿಮೀಟರ್ ಇದ್ದರೆ ಹಳದಿ ಮತ್ತು ಕಪ್ಪು ವೈರಿನ ನಡುವೆ ಹಿಡಿದು, ಸ್ನೇಹಿತರೊಬ್ಬರಿಗೆ ಸ್ವಿಚ್ ಒತ್ತಲು ಹೇಳಿ. ಡಿಸ್ಕ್ ಏಳುವ ಆ ಕ್ಷಣದಲ್ಲೂ 11.4 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಎಸ್‌ಎಂಪಿಎಸ್‌ಗೆ ವಯಸ್ಸಾಗಿದೆ, ಬದಲಿಸಿ. ಅದರ ಡಬ್ಬಿ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯುತ್ತದೆ.

ಇನ್ವರ್ಟರ್ ಇದೆ ಅಂದಿರಿ. ಅದರ ಹಿಂದುಗಡೆ ಅಥವಾ ಮುಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ ನೋಡಿ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಂತಲೋ ಇಕೋ ಅಂತಲೋ ಬರೆದಿರುತ್ತದೆ. ಹಾಕಿದವರು ನಾರ್ಮಲ್‌ನಲ್ಲಿ ಬಿಟ್ಟು ಹೋಗಿರೋದೇ ಜಾಸ್ತಿ. ಫ್ಯಾನು, ಲೈಟಿಗೆ ಸಾಕು. ಆದರೆ ಕರೆಂಟು ಹೋಗಿ ಬ್ಯಾಟರಿಗೆ ಬದಲಾಗುವ ನಡುವಿನ ಹೊತ್ತು ಎಸ್‌ಎಂಪಿಎಸ್ ತನ್ನೊಳಗಿನ ಶಕ್ತಿಯಲ್ಲೇ ತಡೆದುಕೊಳ್ಳಬೇಕು. ಫುಲ್ ಲೋಡಿನಲ್ಲಿ ಅದು ತಡೆಯೋದು ಸುಮಾರು 16 ಮಿಲಿಸೆಕೆಂಡ್. ಯುಪಿಎಸ್ ಮೋಡಿನಲ್ಲಿ ಇನ್ವರ್ಟರ್ ಹತ್ತರ ಸುತ್ತ ಬದಲಾಗುತ್ತದೆ, ನಾರ್ಮಲ್‌ನಲ್ಲಿ ಅದರ ಎರಡು ಮೂರು ಪಟ್ಟು ತಗೊಳ್ಳುತ್ತದೆ. ಆ ಸಂದಿಯಲ್ಲಿ ಕಂಪ್ಯೂಟರ್ ಪೂರ್ತಿ ಆಫ್ ಆಗದೇ ಇರಬಹುದು, ಡಿಸ್ಕ್ ಮಾತ್ರ ಒಂದು ಸಲ ತತ್ತರಿಸುತ್ತದೆ. ಇನ್ವರ್ಟರ್ ಸ್ಕ್ವೇರ್ ವೇವ್ (ನಯವಾಗಿ ಅಲ್ಲದೆ ದಿಢೀರ್ ಏರಿಳಿಯುವ ಕರೆಂಟು ಕೊಡುವಂಥದ್ದು) ಆಗಿದ್ದರೆ ಇನ್ನೂ ಕಷ್ಟ, ಈಗಿನ ಒಳ್ಳೆ ಎಸ್‌ಎಂಪಿಎಸ್‌ಗಳು ಅದಕ್ಕೆ ಒಗ್ಗುವುದಿಲ್ಲ. ಸರ್ವರಿಗಂತಲೇ ಒಂದು ಸಣ್ಣ ಯುಪಿಎಸ್ ಇಡಿ. ರಾಯಚೂರಿನ ಶಕ್ತಿನಗರದಲ್ಲೂ ನಮ್ಮ ಕುಡತಿನಿಯಲ್ಲೂ ಸಾವಿರಗಟ್ಟಲೆ ಮೆಗಾವ್ಯಾಟ್ ತಯಾರಾಗುತ್ತದೆ, ಆದರೆ ಮನೆಯ ಸಾಕೆಟ್ಟಿಗೆ ಅದರ ಹಂಗಿಲ್ಲ.

ಈಗ ಕಾರ್ಡಿಗೆ ಬರೋಣ. ನಿಮ್ಮ ತೊಂದರೆ ಮಾರ್ಚ್ ಕೊನೆಗೆ ಶುರುವಾಯ್ತು ಅಂತ ಬರೆದಿದ್ದೀರಿ. ಆ ಸಾಲು ಓದಿದಾಗಲೇ ನನಗೆ ಕಾರ್ಡಿನ ಬಿಸಿ ನೆನಪಾಯ್ತು. 9211-8ಐ ಕಾರ್ಡಿನ ಒಳಗಿರುವ ಎಸ್‌ಎಎಸ್2008 ಚಿಪ್ ಸರ್ವರ್ ರೂಮಿಗಾಗಿ ಮಾಡಿದ್ದು. ಅಲ್ಲಿ ಎಸಿ ಇರುತ್ತದೆ, ಸಾಲಾಗಿ ಫ್ಯಾನುಗಳು ಭೋರ್ ಅನ್ನುತ್ತಿರುತ್ತವೆ. ಈ ಕಾರ್ಡಿಗೆ ನಿಮಿಷಕ್ಕೆ 200 ಅಡಿ ವೇಗದಲ್ಲಿ ಗಾಳಿ ಹಾಯಬೇಕು ಅಂತ ಅದರ ಕೈಪಿಡಿಯಲ್ಲೇ ಇದೆ. ಕಾರ್ಡಿಗೆ ಅದರದೇ ಫ್ಯಾನ್ ಇಲ್ಲ. ನಮ್ಮ ಮನೆಯ ಟವರ್ ಕ್ಯಾಬಿನೆಟ್ಟಿನಲ್ಲಿ, ತಳದ ಸ್ಲಾಟಿನಲ್ಲಿ, ಮೇ ತಿಂಗಳ 41 ಡಿಗ್ರಿಯಲ್ಲಿ ಅದು ಕಾದ ಹೆಂಚೇ ಸರಿ. ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಪ್ಲಗ್ ಕಿತ್ತು, ಅದರ ಹೀಟ್‌ಸಿಂಕ್ (ಚಿಪ್ಪಿನ ಬಿಸಿ ಹೊರಗೆ ಬಿಡುವ ಲೋಹದ ತುಂಡು) ಮೇಲೆ ಬೆರಳಿಟ್ಟು ನೋಡಿ. ಎರಡೆಣಿಸುವಷ್ಟರಲ್ಲಿ ಕೈ ತೆಗೆಯುವ ಹಾಗಾದರೆ ಅಲ್ಲೇ ಕೆಲಸ ಇದೆ.

ಇನ್ನೊಂದು. ಎಲ್‌ಎಸ್‌ಐ ಕಂಪನಿಯನ್ನು ಅವಾಗೋ ಕೊಂಡಿದ್ದು 2014ರಲ್ಲಿ, ಆ ಅವಾಗೋನೇ ಈಗ ಬ್ರಾಡ್‌ಕಾಮ್. ಅಂದರೆ ಎಲ್‌ಎಸ್‌ಐ ಹೆಸರಿನ ಈ ಕಾರ್ಡುಗಳು ಯಾವುದೋ ಡೇಟಾ ಸೆಂಟರಿನಲ್ಲಿ ವರ್ಷಗಟ್ಟಲೆ ದುಡಿದು ನಿವೃತ್ತಿಯಾಗಿ ನಮ್ಮ ಕೈಗೆ ಬಂದವು. ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತಾಗಿರುತ್ತದೆ. ಹಿಂದುಗಡೆಯ ಎರಡು ಸ್ಪ್ರಿಂಗ್ ಪಿನ್ನುಗಳನ್ನು ಮೆಲ್ಲಗೆ ಒತ್ತಿ ಹೀಟ್‌ಸಿಂಕ್ ಬಿಡಿಸಿ. ಹಳೆ ಪೇಸ್ಟ್ ಒರೆಸಿ. ಕಡಲೆಬೇಳೆಯಷ್ಟು ಹೊಸ ಪೇಸ್ಟ್ ಹಾಕಿ ಕೂರಿಸಿ. ಮೇಲೆ 40 ಮಿಲಿಮೀಟರಿನ ಸಣ್ಣ ಫ್ಯಾನನ್ನು ಜಿಪ್ ಟೈನಿಂದ ಕಟ್ಟಿ. ನೋಡಲು ಚೆಂದ ಇರಲ್ಲ. ಆದರೆ ನನಗೆ ಗೊತ್ತಿರುವ ಎಷ್ಟೋ ಸರ್ವರುಗಳು ಈ ಜಿಪ್ ಟೈ ಮೇಲೇ ಬದುಕಿವೆ.

ಮಿಲ್ಲಿನ ಧೂಳಿನ ಬಗ್ಗೆ: ತೌಡಿನ ಧೂಳು ಎಣ್ಣೆಯಂಶದ್ದು, ಬಾಯ್ಲರಿನ ಹೊಟ್ಟಿನ ಬೂದಿ ಬಲು ಸಣ್ಣದು. ಎರಡೂ ಸೇರಿ ಹೀಟ್‌ಸಿಂಕಿನ ಸಂದಿಯಲ್ಲಿ ಕಂಬಳಿ ಹಾಸುತ್ತವೆ. ಸಂಡೂರು ಕಡೆಯ ಕೆಂಪು ಅದಿರಿನ ಧೂಳು ನಮಗೆ, ಇದು ನಿಮಗೆ. ಬ್ಲೋಯರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಕ್ಯಾಬಿನೆಟ್ಟಿನ ಮುಂದೆ ತೊಳೆಯಬಹುದಾದ ಫಿಲ್ಟರ್ ಹಾಕಿ, ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಡಿಸ್ಕುಗಳ ಉಷ್ಣತೆ 45 ಡಿಗ್ರಿ ದಾಟದ ಹಾಗೆ ನೋಡಿಕೊಂಡರೆ ನೆಮ್ಮದಿ.

ಕಾರ್ಡೋ, ಕೇಬಲ್ಲೋ, ಡಿಸ್ಕೋ ಅಂತ ಬಿಡಿಸಲು ಲಾಗ್ ನೋಡಿ. ಒಂದೇ ಸೆಕೆಂಡಿನಲ್ಲಿ ಎರಡು ಮೂರು ಡಿಸ್ಕ್ ಒಟ್ಟಿಗೆ ದೂರು ಕೊಟ್ಟಿದ್ದರೆ ಎಲ್ಲಕ್ಕೂ ಸೇರಿದ್ದೇನೋ ಕೆಟ್ಟಿದೆ. ಅದು ಕಾರ್ಡು ಅಥವಾ ಕರೆಂಟು. ಅದೂ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆಯೇ ಆಗುತ್ತಿದ್ದರೆ ಬಿಸಿ ಅಂತ ಬಿಡಿಸಿ ಹೇಳಬೇಕಿಲ್ಲ. ಒಂದೇ ಡಿಸ್ಕ್ ಒಂಟಿಯಾಗಿ ದೂರು ಕೊಟ್ಟಿದ್ದರೆ, ಆಫ್ ಮಾಡಿ, ಎರಡನೇ ಮತ್ತು ನಾಲ್ಕನೇ ಡಿಸ್ಕಿನ ಡೇಟಾ ಕೇಬಲ್ ಅದಲು ಬದಲು ಮಾಡಿ. ದೂರು ಡಿಸ್ಕಿನ ಹಿಂದೆಯೇ ಹೋದರೆ ಡಿಸ್ಕ್ ಕೆಟ್ಟಿದೆ. ಕೇಬಲ್ಲಿನ ಜೊತೆ ನಾಲ್ಕನೇ ಡಿಸ್ಕಿಗೆ ಬಂದರೆ ಕೇಬಲ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕೇಬಲ್ಲೂ ಬದಲಿಸಿ, ಪವರೂ ಬದಲಿಸಿ, ಪೇಸ್ಟೂ ಹಾಕಿದರೆ ಸರಿಹೋದರೂ ಯಾವುದರಿಂದ ಹೋಯ್ತು ಅಂತ ಗೊತ್ತಾಗಲ್ಲ.

ನಿಮ್ಮ ಕಾರ್ಡಿನಲ್ಲಿ ಎರಡು ಸಾಕೆಟ್ ಇವೆ, ಒಂದೊಂದರಿಂದ ನಾಲ್ಕು ಸಾಟಾ ಬಾಲದ ಕೇಬಲ್ ಹೊರಡುತ್ತದೆ. ನಾಲ್ಕೂ ಡಿಸ್ಕ್ ಒಂದೇ ಕೇಬಲ್ಲಿನಲ್ಲಿ ಇರಬೇಕು. ಅದನ್ನು ಖಾಲಿ ಸಾಕೆಟ್ಟಿಗೆ ಚುಚ್ಚಿ ಎರಡು ದಿನ ನೋಡಿ. ಹೊಸ ಕೇಬಲ್ ತರಿಸುವಾಗ ಫಾರ್ವರ್ಡ್ ಬ್ರೇಕೌಟ್ ಅಂತಲೇ ಕೇಳಿ. ರಿವರ್ಸ್ ಅಂತ ಇನ್ನೊಂದಿದೆ, ನೋಡಲು ಅವಳಿ ಜವಳಿ, ಹಾಕಿದರೆ ಒಂದು ಡಿಸ್ಕೂ ಕಾಣಲ್ಲ. ಕ್ಯಾಬಿನೆಟ್ ನೀಟಾಗಿ ಕಾಣಲಿ ಅಂತ ಕೇಬಲ್ಲನ್ನು ಬಿಗಿದು ಮಡಚಿ ಕಟ್ಟಬೇಡಿ. ಒಳಗಿನ ಸಾಟಾ ಕನೆಕ್ಟರ್ 50 ಸಲ ಹಾಕಿ ತೆಗೆಯಲು ಮಾತ್ರ ಲೆಕ್ಕ ಹಾಕಿ ಮಾಡಿದ್ದು, ಅದೂ ನೆನಪಿರಲಿ.

ಎಲ್ಲಾ ಡಿಸ್ಕಿನಲ್ಲೂ ಚೆಕ್‌ಸಮ್ ಎರರ್ (ಬರೆದದ್ದಕ್ಕೂ ಓದಿದ್ದಕ್ಕೂ ತಾಳೆಯಾಗದ ಲೆಕ್ಕ) ಸಮನಾಗಿ ಏರ್ತಾ ಇದ್ದರೆ ರ‍್ಯಾಮ್ ಕೂಡ ಅನುಮಾನಕ್ಕೆ ಬರುತ್ತದೆ. ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿಬಿಡಿ.

ರೇಡ್ ಮೋಡ್ ಯಾಕೆ ಬೇಡ ಅಂದೆ ಅಂದರೆ, ಝಡ್‌ಎಫ್‌ಎಸ್‌ಗೆ ಡಿಸ್ಕು ನೇರವಾಗಿ ಕಾಣಬೇಕು. ನಡುವೆ ಕಾರ್ಡ್ ತನ್ನದೇ ಲೆಕ್ಕ ಶುರು ಮಾಡಿದರೆ ಇಬ್ಬರು ಯಜಮಾನರ ಮನೆಯಾಗುತ್ತದೆ. ಡಿಸ್ಕನ್ನು ಹಾಗೇ ನೇರವಾಗಿ ತೋರಿಸುವ ಐಟಿ ಮೋಡಿನಲ್ಲೇ ಇರಲಿ. ಕಾರ್ಡಿನ ಒಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ 20.00.07.00 ಇದೆಯಾ ನೋಡಿ. ಮೊದಲು ಬಂದ 20.00.00.00ರಲ್ಲಿ ತೊಂದರೆಗಳಿದ್ದವು. ಡಿಸ್ಕುಗಳು ಎಸ್‌ಎಂಆರ್ (ಸಾಲುಗಳನ್ನು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಬರೆಯುವ) ಮಾದರಿಯವಾ ಅನ್ನೋದನ್ನೂ ಮಾಡೆಲ್ ನಂಬರ್ ಹಾಕಿ ನೋಡಿಕೊಳ್ಳಿ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ 2ರಿಂದ 6 ಟಿಬಿಯ ಕೆಲವು ಡಿಸ್ಕುಗಳು ಹಾಗಿವೆ ಅಂತ ಬಯಲಾಗಿ ದೊಡ್ಡ ಗಲಾಟೆ ಆಗಿತ್ತು. ರೀಸಿಲ್ವರ್ ಆಗುವಾಗ, ಅಂದರೆ ಹೊಸ ಡಿಸ್ಕಿಗೆ ಡೇಟಾ ಮತ್ತೆ ತುಂಬುವಾಗ, ಅವು ಏದುಸಿರು ಬಿಡುತ್ತವೆ. ಸಾದಾ ಡೆಸ್ಕ್‌ಟಾಪ್ ಡಿಸ್ಕಿನದು ಇನ್ನೊಂದು ಗೋಳು. ಓದಲಾಗದ ಸೆಕ್ಟರ್ ಸಿಕ್ಕರೆ ಅದು ನಿಮಿಷಗಟ್ಟಲೆ ಪ್ರಯತ್ನಿಸುತ್ತಾ ಕೂರುತ್ತದೆ. ಲಿನಕ್ಸ್ 30 ಸೆಕೆಂಡ್ ಕಾದು, ಡಿಸ್ಕ್ ಸತ್ತಿದೆ ಅಂದುಕೊಂಡು ಲಿಂಕ್ ರೀಸೆಟ್ ಮಾಡುತ್ತದೆ. ಫೈಲ್ ಸರ್ವರಿಗಂತಲೇ ಮಾಡಿದ ನ್ಯಾಸ್ ಡಿಸ್ಕುಗಳು ಏಳು ಸೆಕೆಂಡಿಗೆ ಕೈಬಿಟ್ಟು ಆಗಲ್ಲ ಅಂತ ಹೇಳಿಬಿಡುತ್ತವೆ.

ಇಷ್ಟೆಲ್ಲ ಬರೆದ ಮೇಲೆ ಒಂದು ಪ್ರಶ್ನೆ ನಾನೇ ಕೇಳ್ತೇನೆ. ನಾಲ್ಕೇ ಡಿಸ್ಕಿಗೆ ಕಾರ್ಡ್ ಯಾಕೆ? ಮದರ್‌ಬೋರ್ಡಿನಲ್ಲಿ ಸಾಟಾ ಪೋರ್ಟ್ ಎಷ್ಟಿವೆ ಎಣಿಸಿ. ಆರಿದ್ದರೆ ನಾಲ್ಕು ಡಿಸ್ಕು, ಬೂಟ್ ಎಸ್‌ಎಸ್‌ಡಿ ಎರಡೂ ಹಿಡಿದು ಒಂದು ಉಳಿಯುತ್ತದೆ. ಕಾರ್ಡ್ ಕಿತ್ತು ಪಕ್ಕಕ್ಕಿಡಿ. ಬಿಸಿಯೂ ಕಡಿಮೆ, ಕೆಡುವ ಸಾಮಾನೂ ಒಂದು ಕಡಿಮೆ. ನಾಲ್ಕೇ ಪೋರ್ಟ್ ಇದ್ದರೆ ಮಾತ್ರ ಫ್ಯಾನ್ ಕಟ್ಟುವ ಕೆಲಸ.

ದಾರಿ ಸರಿಯಾದ ಮೇಲೆ ಹೊರಗೆ ಬಿದ್ದ ಹೊಸ ಡಿಸ್ಕನ್ನು ಮತ್ತೆ ಆನ್‌ಲೈನ್ ಮಾಡಿ, ಎರರ್ ಕ್ಲಿಯರ್ ಮಾಡಿ. ಈ ಸಲ ರಾತ್ರಿಯೆಲ್ಲ ಓಡಲ್ಲ. ಅದು ಹೊರಗಿದ್ದಾಗ ಬದಲಾದಷ್ಟನ್ನೇ ಝಡ್‌ಎಫ್‌ಎಸ್ ತುಂಬಿಕೊಡುತ್ತದೆ. ಆಮೇಲೆ ಒಂದು ಸ್ಕ್ರಬ್ (ಇರುವ ಡೇಟಾ ಎಲ್ಲವನ್ನೂ ಓದಿ ತಾಳೆ ನೋಡುವ ಕೆಲಸ) ಕೊಡಿ, ಅದೂ ರಾತ್ರಿ ಹೊತ್ತು. ಮೊದಲು ತೆಗೆದ ಹಳೆ ಡಿಸ್ಕಿಗೂ ಲಾಂಗ್ ಟೆಸ್ಟ್ ಕೊಡಿ. 5, 197, 198 ಸೊನ್ನೆ ಇದ್ದು ಪಾಸಾದರೆ ಒಂದು ಯುಎಸ್‌ಬಿ ಕೇಸಿಗೆ ಹಾಕಿ. ಕೊಡದ ಮದುವೆಗಳ ಎರಡನೇ ಕಾಪಿಗೆ ಅದೇ ಆಯ್ತು. ಆ ಡಿಸ್ಕನ್ನು ಮಾತ್ರ ಸರ್ವರಿನ ಪಕ್ಕದಲ್ಲೇ ಇಡಬೇಡಿ, ಅಣ್ಣನ ಮನೆಯಲ್ಲೋ ಸ್ಟುಡಿಯೋದಲ್ಲೋ ಇಡಿ.